ಜಿನ್ನವ್ವ ಬಿಟ್ಟ ಉಪ್ಪು

ಸಮ್ಮೇದನ ಮೊಣಕಾಲಿನ ಬಗ್ಗೆ ಕುಲಗೋಡದಲ್ಲಿ ಮಾತಾಡದವರೇ ಇರಲಿಲ್ಲ. ಬಾಗಿಲಿಗೆ ತಲೆ ಬಡಿಯುವಷ್ಟು ಎತ್ತರದ ಹುಡುಗ. ಚೆನ್ನೈನ ಒಂದು ಕ್ಲಬ್ಬಿನಲ್ಲಿ ಪಗಾರಕ್ಕೆ ಬಾಸ್ಕೆಟ್‌ಬಾಲ್ ಆಡುತ್ತಿದ್ದ. ಜಿಗಿದು ಇಳಿಯುವಾಗ ಲಿಗಮೆಂಟ್ ಹರಿದುಕೊಂಡು ಮನೆಗೆ ಬಂದಾಗ ಊರಿನವರೆಲ್ಲ ಒಂದೊಂದು ಎಣ್ಣೆ ಹೇಳಿದರು. ತಾಯಿ ಜಿನ್ನವ್ವ ಎಣ್ಣೆ ಹೇಳಲಿಲ್ಲ. ನೆಟ್ಟಗೆ ಮೂಡಲಗಿಗೆ ಹೋಗಿ, ಅಲ್ಲಿಗೆ ಬಂದಿದ್ದ ಜೈನ ಮುನಿಗಳ ಮುಂದೆ, ಮಗ ಮತ್ತೆ ಆಡುವ ತನಕ ಉಪ್ಪು ಮುಟ್ಟುವುದಿಲ್ಲವೆಂದು ನೇಮ ಹಿಡಿದು ಬಂದಳು.

ಊರು ಕೊಂಡಾಡಿತು. ಕೊಂಡಾಡುವವರಿಗೇನು, ಅವರ ತಾಟಿನಲ್ಲಿ ಉಪ್ಪಿತ್ತು. ಸಮ್ಮೇದ ಮಾತ್ರ ದಿನವೂ ಎದುರಿಗೆ ಕೂತು, ಅವಳು ಸಪ್ಪೆ ಬೇಳೆಯಲ್ಲಿ ರೊಟ್ಟಿ ಅದ್ದಿ ನುಂಗುವುದನ್ನು ನೋಡಬೇಕಿತ್ತು. ಅವನ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಪರೇಷನ್ ಮಾಡಿ ವರ್ಷವಿಡೀ ಆಡಬೇಡ ಅಂದಿದ್ದ ಡಾಕ್ಟರಿಗೆ ಅರ್ಧ ವರ್ಷಕ್ಕೇ ನೋವಿಲ್ಲವೆಂದು ಸುಳ್ಳು ಹೇಳಿ ಅಂಕಣಕ್ಕಿಳಿದ. ಮೊಬೈಲಿನಲ್ಲಿ ಆ ಆಟ ನೋಡಿ ಜಿನ್ನವ್ವ ಉಪ್ಪುಂಡಳು. ಮುಂದಿನ ಆಟದಲ್ಲೇ ಅದೇ ಮೊಣಕಾಲಿನ ಲಿಗಮೆಂಟ್ ಮತ್ತೆ ಹರಿಯಿತು. ಸುದ್ದಿ ಬಂದ ದಿನವೇ ಅವಳು ಮತ್ತೆ ಉಪ್ಪು ಬಿಟ್ಟಳು. ಯಾರು ಕೇಳಿದ್ದರು ಅವಳನ್ನು!

ಎರಡನೆಯ ಆಪರೇಷನ್ ಮುಗಿದಾಗ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: ಇನ್ನು ಆಡಿದರೆ ನೆಟ್ಟಗೆ ನಡೆಯುವುದೂ ಕಷ್ಟ. ಅದನ್ನು ಮನೆಯಲ್ಲಿ ಹೇಳಲು ಸಮ್ಮೇದನಿಗೆ ಬಾಯಿ ಬರಲಿಲ್ಲ. ಹೇಳಿದರೆ ಅವ್ವನಿಗೆ ಸಾಯುವ ತನಕ ಸಪ್ಪೆಯೇ ಗತಿ. ಅಷ್ಟರಲ್ಲಿ ಜಿನ್ನವ್ವ ದನದ ಕೊಟ್ಟಿಗೆಯಲ್ಲಿ ತಲೆ ಸುತ್ತಿ ಬಿದ್ದಳು. ಗೋಕಾಕದ ಆಸ್ಪತ್ರೆಯಲ್ಲಿ, ಮೈಯಲ್ಲಿ ಉಪ್ಪು ಇಳಿದಿದೆ, ತಿನ್ನದಿದ್ದರೆ ಮತ್ತೆ ಬೀಳುತ್ತಾಳೆ ಎಂದು ಹೇಳಿ ಸಲೈನ್ ಹಾಕಿದರು. ಸಲೈನಿನಲ್ಲೂ ಉಪ್ಪಿರುತ್ತದೆಂದು ಅವಳಿಗೆ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

"ಅಂವ ಆಡ್ಲಿ, ತಿಂತೀನಿ," ಅಂದಳು.

ಸಮ್ಮೇದನಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಬಂತು. ಹುಕ್ಕೇರಿಯ ಒಂದು ಪಂದ್ಯಕ್ಕೆ ಅವನನ್ನು ಕರೆದಿದ್ದರು. ಬರುತ್ತೇನೆಂದು ಫೋನ್ ಮಾಡಿದ. ಒಂದೇ ಆಟ, ಅವ್ವ ಕಣ್ಣಾರೆ ನೋಡಲಿ, ಕಾಲು ಹೋದರೆ ಹೋಗಲಿ.

ಮೈದಾನದ ಮೆಟ್ಟಿಲನ್ನು ಅವನು ಕಂಬಿ ಹಿಡಿದು, ಅಡ್ಡಡ್ಡ ಕಾಲಿಟ್ಟು ಇಳಿಯುವುದನ್ನು, ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವನ ಜೊತೆ ಬಂದಿದ್ದ ಜಿನ್ನವ್ವ ಹಿಂದಿನಿಂದ ನೋಡಿದಳು. ಅವನು ಬೂಟಿನ ಲೇಸು ಕಟ್ಟುವಾಗ ಪಕ್ಕಕ್ಕೆ ಬಂದು ಕೂತಳು.

"ಡಾಕ್ಟರ್ ಆಡಂದಾರೇನು?"

"ಹೂಂ, ಅಂದಾರ."

"ಹೋದ ಸಲಾನೂ ಅಂದಿದ್ರೇನು?"

ಸಮ್ಮೇದ ಕಟ್ಟಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ.

"ಖರೆ ಹೇಳು. ನನ್ನ ಉಪ್ಪಿನ ಸಲವಾಗಿ ಆಡಾಕ ಹೋಗಿದ್ದೇನು?"

ಇಲ್ಲ ಎನ್ನಲು ಬಾಯಿ ತೆರೆದವನು ಇನ್ನೊಂದು ಬೂಟಿನ ಲೇಸಿಗೆ ಬಗ್ಗಿದ. ಇದೊಂದನ್ನು ಅವಳಿಂದ ಮುಚ್ಚಿಡಲಿಕ್ಕೇ ಇಷ್ಟು ದೂರ ಬಂದಿದ್ದ.

ಜಿನ್ನವ್ವ ಎದ್ದು ಸೌತೆಕಾಯಿ ಮಾರುವವಳ ಬುಟ್ಟಿಯ ಹತ್ತಿರ ಹೋದಳು. ಉಪ್ಪು-ಖಾರ ಹಚ್ಚಿದ ಹೋಳೊಂದನ್ನು ತಂದು, ಅವನೆದುರೇ ನಿಂತು ಕಚ್ಚಿದಳು.

"ಅವ್ವಾ, ನಿನ್ನ ನೇಮ!"

"ಮುರದೆ. ಅದರ ಪಾಪ ನನಗ. ನಿನ್ನ ಕಾಲು ತಿಂದ ಪಾಪಾನೂ ನನಗ ಇರ್ಲಿ. ಬೂಟ್ ಬಿಚ್ಚು."

ಹಿಡಿದ ನೇಮವನ್ನು ಅವಳು ಅಲ್ಲಿಯವರೆಗೆ ಒಮ್ಮೆಯೂ ಮುರಿದವಳಲ್ಲ. ಸಮ್ಮೇದ ಬೂಟು ಬಿಚ್ಚಿದ. ಉಳಿದರ್ಧ ಹೋಳನ್ನು ಅವಳು ಅವನ ಕೈಗಿಟ್ಟಳು. ಅವನು ಬಾಯಿಗೆ ಹಾಕಿಕೊಂಡ. ಅವ್ವ ಉಪ್ಪು ತಿಂದಿದ್ದಳು, ಅದೂ ಅವನಿಗಾಗಿ ನೇಮ ಮುರಿದು; ಅವನ ತುತ್ತು ಈಗಲೂ ಇಳಿಯಲಿಲ್ಲ.