ಗೇಟಿನ ಮೂರನೇ ಕೀ

ನನ್ನ ಮಗಳು ಅಳಲಿಲ್ಲ. ನನಗೆ ಮೊದಲು ಅನುಮಾನ ಬಂದದ್ದೇ ಅಲ್ಲಿ.

ಶಿಶುವಿಹಾರ ಅಂದರೆ ಸಾಕು, ಬೀದಿಯ ಮಕ್ಕಳೆಲ್ಲ ಅಮ್ಮನ ಕಾಲು ತಬ್ಬಿಕೊಂಡು ಕಿವಿ ಹರಿಯುವಂತೆ ಅರಚುತ್ತವೆ. ಬರುವ ಸೋಮವಾರ ಸೇರಬೇಕಿದ್ದ ನಮ್ಮವಳು ಹೊಸ ಬ್ಯಾಗು ಹೆಗಲಿಗೇರಿಸಿ, ಹೊಸ ಶೂ ಟಕಟಕ ಅನ್ನಿಸುತ್ತಾ ಮನೆ ತುಂಬ ಓಡಾಡುತ್ತಿದ್ದಳು. ಹಸುಗೂಸಾಗಿದ್ದಾಗ ನನ್ನ ಬೆರಳು ಹಿಡಿದರೆ ಬಿಡುತ್ತಿರಲಿಲ್ಲವೆಂದು ಅವಳಿಗೆ ಚಿಲಕ ಎಂದು ಹೆಸರಿಟ್ಟವನು ನಾನು. ಅಂಥ ಚಿಲಕ ಇಷ್ಟು ಸಲೀಸಾಗಿ ಕಳಚಿಕೊಳ್ಳುತ್ತಿದೆ ಎಂದರೆ ಯಾರೋ ಎಣ್ಣೆ ಬಿಟ್ಟಿರಲೇಬೇಕು.

ನನ್ನದು ಬೀಗ ರಿಪೇರಿ ಮಾಡುವ, ಕೀ ಮಾಡಿಕೊಡುವ ಅಂಗಡಿ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಅವಳು ಡ್ಯೂಟಿಗೆ ಹೋದರೆ ಚಿಲಕ ಇಡೀ ದಿನ ನನ್ನ ಜೊತೆ. ಕೌಂಟರಿನ ಒಳಗೆ ಅವಳದೇ ಒಂದು ಕೆಂಪು ಸ್ಟೂಲ್. ಅದರ ಮೇಲೆ ಕೂತು ಹಳೆಯ ಕೀಗಳನ್ನು ದೊಡ್ಡದು, ಚಿಕ್ಕದು ಎಂದು ಬೇರೆ ಮಾಡುತ್ತಾಳೆ. ಗಿರಾಕಿ ಬಂದರೆ ನನಗಿಂತ ಮೊದಲೇ "ಏನ್ ಬೇಕು?" ಎಂದು ಗದರುತ್ತಾಳೆ. ಜನ ಒಬ್ಬರನ್ನೊಬ್ಬರು ನಂಬಿದ್ದರೆ ನನ್ನ ಮನೆಯಲ್ಲಿ ಒಲೆಯೇ ಉರಿಯುತ್ತಿರಲಿಲ್ಲ. ಹಾಗಿರುವಾಗ ನಾನೊಬ್ಬ ಮಾತ್ರ ಎಲ್ಲರನ್ನೂ ನಂಬಿಕೊಂಡು ಕೂರಬೇಕು ಅಂದರೆ ಹೇಗೆ ಸ್ವಾಮಿ?

ಅಷ್ಟರಲ್ಲಿ ಶಿಶುವಿಹಾರದ ಮಿಸ್ ಒಂದು ಬೆಳಿಗ್ಗೆ ಅಂಗಡಿಗೇ ಬಂದು, ಉದ್ದನೆಯ ಹಿತ್ತಾಳೆ ಕೀಯೊಂದನ್ನು ಕೌಂಟರಿನ ಮೇಲಿಟ್ಟರು.

"ನಮ್ಮ ಗೇಟಿಂದು. ಒಂದು ಡೂಪ್ಲಿಕೇಟ್ ಮಾಡ್ಕೊಡಿ ಸರ್. ಆಯಾ ಹತ್ರ ಒಂದಿರ್ಲಿ."

"ಮಕ್ಕಳ ಸ್ಕೂಲಿಗೆ ಬೀಗ ಯಾಕೆ ಮಿಸ್?"

"ರಸ್ತೆಗೆ ಓಡಿಬಿಡ್ತಾರಲ್ಲ! ಎಲ್ಲರೂ ಒಳಗೆ ಬಂದ್ಮೇಲೆ ಹಾಕ್ಬಿಡ್ತೀವಿ."

ಹಾಕ್ಬಿಡ್ತಾರಂತೆ! ಒಳಗೆ ನನ್ನ ಮಗಳು, ಹೊರಗೆ ನಾನು, ನಡುವೆ ಬೀಗ. ಅದರ ಕೀ ಮುಖ ಕಂಡರಿಯದ ಯಾವಳೋ ಆಯಾಳ ಕೈಯಲ್ಲಿ. ಮಗು ಬಿದ್ದು ತಲೆ ಒಡೆದುಕೊಂಡರೆ? ಒಳಗೆ ಬೆಂಕಿ ಹೊತ್ತಿಕೊಂಡರೆ? ನಾನು ಸರಳು ಹಿಡಿದುಕೊಂಡು ಬಾಯಿ ಬಡಿದುಕೊಳ್ಳಬೇಕೇ?

ಗಿರಾಕಿ ಕೇಳಿದಷ್ಟೇ ಕೀ, ಮಿಕ್ಕಿದ್ದು ಒಂದೂ ಇಲ್ಲ. ನಮ್ಮ ಕಸುಬಿನ ನಿಯಮ ಇಷ್ಟೇ. ನಾನು ಮಿಸ್‌ಗೆ ಸಂಜೆ ಬನ್ನಿ ಎಂದು ಹೇಳಿ ಕಳಿಸಿ, ಖಾಲಿ ಕೀ ಎರಡು ಎತ್ತಿಕೊಂಡೆ. ಒಂದು ಅವರಿಗೆ. ಇನ್ನೊಂದನ್ನು ಅರದಲ್ಲಿ ಉಜ್ಜುತ್ತಿದ್ದಾಗ ಚಿಲಕ ಸ್ಟೂಲಿನಿಂದ ಬಗ್ಗಿದಳು.

"ಅಪ್ಪಾ, ಅದ್ಯಾವ ಕೀ?"

"ಇದಾ? ನಮ್ಮ ಅಂಗಡೀದೇ ಕಣೇ."

"ಇನ್ನೊಂದ್ಯಾಕೆ?"

"ಸುಮ್ನೆ. ಅಮ್ಮಂಗೆ ಹೇಳ್ಬೇಡ."

ಅವಳು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು. ನಾನು ಕೀಯನ್ನು ಸ್ಕ್ರೂ ಡಬ್ಬಿಯ ತಳಕ್ಕೆ ತಳ್ಳಿದೆ.

ಅಲ್ಲಿಂದ ಶುರುವಾಯಿತು ನೋಡಿ ವಿಚಾರಣೆ. "ನಾನು ಸ್ಕೂಲಿಗೆ ಹೋದಾಗ ನೀನು ಬಾಗ್ಲು ಹಾಕ್ಕೋತೀಯಾ?" "ನನ್ನ ಸ್ಟೂಲ್ ಎಲ್ಲಿಡ್ತೀಯಾ?" "ಪಕ್ಕದ್ಮನೆ ಪಾಪು ಅಂಗಡಿಗೆ ಬರುತ್ತಾ?" ಗೇಣುದ್ದದ ಮಗುವಿನ ತಲೆಯಲ್ಲಿ ಇಷ್ಟೆಲ್ಲ ತಾನಾಗಿ ಹುಟ್ಟುತ್ತದೆಯೇ? ಖಂಡಿತ ಇದು ನನ್ನವಳ ಕಿತಾಪತಿ. ನಾನು ಅಂಗಡಿ ಮುಚ್ಚಿ ಗೇಟಿನ ಹತ್ತಿರ ಠಳಾಯಿಸುತ್ತೇನೋ ಏನೋ ಎಂದು ತಿಳಿಯಲು ಮಗಳನ್ನೇ ಗೂಢಚಾರಿ ಮಾಡಿದ್ದಾಳೆ. ಅವಳು ಮಿಸ್ ಜೊತೆ ಫೋನಿನಲ್ಲಿ ಕಿಸಕಿಸ ನಗುವುದನ್ನು ಈ ಕಿವಿಯಾರೆ ಕೇಳಿದ್ದೇನೆ. "ನಮ್ಮನೆಯವರಾ? ಅಯ್ಯೋ ಬಿಡಿ ಮಿಸ್, ಅವರನ್ನೇ ಮೊದಲು ಸೇರಿಸ್ಕೊಳ್ಳಿ" ಅಂತ!

ಭಾನುವಾರ ಡಬ್ಬಿ ಸುರುವಿದರೆ ಕೀ ಇಲ್ಲ. ಹಿಂದಿನ ಸಂಜೆ ಮಗಳನ್ನು ಕರೆದೊಯ್ಯಲು ನನ್ನವಳು ಅಂಗಡಿಗೆ ಬಂದಿದ್ದಳು. ಇನ್ಯಾರು ಮತ್ತೆ? ಪಿತ್ತ ನೆತ್ತಿಗೇರಿ ಮನೆಗೆ ಬಂದೆ.

"ನನ್ನ ಡಬ್ಬಿಗೆ ಕೈ ಹಾಕಿದ್ಯಾ?"

"ಯಾವ ಡಬ್ಬಿ?"

"ನಾಟಕ ಬೇಡ."

"ರೀ, ನಿಮ್ಮ ತುಕ್ಕು ಹಿಡಿದ ಸ್ಕ್ರೂ ಕಟ್ಕೊಂಡು ನನಗೇನಾಗ್ಬೇಕು? ಅಷ್ಟಕ್ಕೂ ಏನ್ರೀ ಕಳೆದಿದ್ದು?"

ಏನೆಂದು ಹೇಳಲಿ? ಗುಟುರು ಹಾಕಿದೆ. ಅವಳು ನನ್ನ ಮುಖವನ್ನೇ ನೋಡಿ, "ಭಯ ಆಗ್ತಿದ್ರೆ ಆಗ್ತಿದೆ ಅನ್ನಿ. ನನಗೂ ಆಗ್ತಿದೆ" ಎಂದಳು ಮೆತ್ತಗೆ. ನಾನು ಕರಗಲಿಲ್ಲ. ನರ್ಸುಗಳು ಸೂಜಿ ಚುಚ್ಚುವ ಮೊದಲು ಹೀಗೆಯೇ ಮಾತಾಡುತ್ತಾರೆ.

ಸೋಮವಾರ ಅವಳಿಗೆ ಬೆಳಗಿನ ಡ್ಯೂಟಿ. ಮಲಗಿದ್ದ ಮಗುವಿಗೆ ಮುತ್ತಿಟ್ಟು, ಕಣ್ಣೊರೆಸಿಕೊಂಡು ಹೋದಳು. ಮಗಳನ್ನು ಗೇಟಿಗೆ ಕರೆತಂದವನು ನಾನೇ. ಸುತ್ತ ಮಕ್ಕಳ ಆಕ್ರಂದನ. ಆಯಾ ಪಕ್ಕದಲ್ಲಿ ಬೀಗ, ಕೀ ಹಿಡಿದು ನಿಂತಿದ್ದಳು. ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದೆ. ಚಿಲಕ ಮಾತ್ರ ತುಟಿ ಬಿಗಿಹಿಡಿದು, ಬಲಗೈ ಮುಷ್ಟಿ ಕಟ್ಟಿಕೊಂಡು ನಿಂತಿದ್ದಳು.

"ಕೈಯಲ್ಲೇನಿದೆ ಪುಟ್ಟಾ?" ಎಂದು ಮಿಸ್ ಬಗ್ಗಿ ಕೇಳಿದರು.

ಮುಷ್ಟಿ ಬಿಚ್ಚಿತು. ಉದ್ದನೆಯ ಹಿತ್ತಾಳೆ ಕೀ.

"ಇದು ನಮ್ಮ ಅಂಗಡಿ ಕೀ," ಎಂದಳು ಚಿಲಕ. "ಅಪ್ಪ ಗುಟ್ಟಾಗಿ ಇನ್ನೊಂದು ಮಾಡಿದ್ದ. ಬೇರೆ ಮಗೂಗೆ ಕೊಡೋಕೆ. ಆ ಮಗೂನ ನನ್ನ ಸ್ಟೂಲ್ ಮೇಲೆ ಕೂರಿಸ್ಕೊಂಡು ಬಾಗ್ಲು ಹಾಕ್ಕೋತಾನೆ. ಅದಕ್ಕೇ ನಾನೇ ಎತ್ಕೊಂಡೆ. ಸ್ಕೂಲ್ ಮುಗಿದ್ಮೇಲೆ ನಾನೇ ಬಾಗ್ಲು ತೆಕ್ಕೊಂಡು ಒಳಗೆ ಹೋಗ್ತೀನಿ." ಆಗ ಅವಳ ಕೆಳತುಟಿ ನಡುಗಿತು.

ಊರಿನವರನ್ನೆಲ್ಲ ಕಳ್ಳರೆಂದುಕೊಂಡು ತಿರುಗುತ್ತಿದ್ದೆ. ನನ್ನ ಮಗಳಿಗೆ ಅನುಮಾನವಿದ್ದದ್ದು ಒಬ್ಬನ ಮೇಲೆ, ನನ್ನ ಮೇಲೆ.

ಮಿಸ್ ಆ ಕೀ ನೋಡಿದರು, ಆಯಾಳ ಕೈಯಲ್ಲಿದ್ದುದನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ನಾನು ಒಂದೇ ಮಾಡೋಕೆ ಹೇಳಿದ್ದ ನೆನಪು ಸರ್."

"ಹೌದು ಮಿಸ್. ತಪ್ಪಾಯ್ತು," ಎಂದು ಮಗಳ ಮುಂದೆ ಮಂಡಿಯೂರಿದೆ. "ಚಿಲಕಾ, ಅದು ಅಂಗಡಿ ಕೀ ಅಲ್ಲ ಕಣೇ. ಅಪ್ಪ ಸುಳ್ಳು ಹೇಳಿದ್ದು. ಅದು ಈ ಗೇಟಿಂದು. ನೀನಿಲ್ದೆ ಇರೋಕಾಗಲ್ಲ ಅಂತ ಮಾಡ್ಕೊಂಡಿದ್ದೆ. ಅದನ್ನ ಮಿಸ್‌ಗೆ ಕೊಡು." ಜೇಬಿನಿಂದ ಅಂಗಡಿಯ ಕೀ ತೆಗೆದು ಅವಳ ಅಂಗೈಗಿಟ್ಟೆ. "ನಿಜವಾದ್ದು ಇದು."

ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ನಿಜವಾಗ್ಲೂ ನಿಜವಾದ್ದಾ?"

"ನಿನ್ನಾಣೆ."

"ಮತ್ತೆ ನೀನು ಹೇಗೆ ಬಾಗ್ಲು ತೆಗೀತೀಯಾ?"

"ನೀನು ಬರೋವರೆಗೂ ತೆಗೆಯೋದೇ ಇಲ್ಲ."

ಅವಳು ಕೀಯನ್ನು ಬ್ಯಾಗಿನೊಳಗೆ ಹಾಕಿ, ಜಿಪ್ ಎಳೆದು, ಎಳೆದದ್ದನ್ನು ಇನ್ನೊಮ್ಮೆ ಮುಟ್ಟಿ ನೋಡಿ, ಮಿಸ್ ಕೈ ಹಿಡಿದು ಒಳಗೆ ನಡೆದಳು. ಆಯಾ ಬೀಗ ಹಾಕಿದಳು. ಆ ಸದ್ದಿಗೆ ನನಗೆ ಅಳು ಬಂತು, ಬರಲಿ ಎಂದು ಬಿಟ್ಟೆ.

ಆಮೇಲೆ ಅಂಗಡಿಯ ಮೆಟ್ಟಿಲ ಮೇಲೆ ಹೋಗಿ ಕೂತೆ. ಷಟರಿನ ಬೀಗವನ್ನು ಒಂದು ತಂತಿಯ ಚೂರಿನಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ತೆಗೆಯಬಲ್ಲೆ. ತೆಗೆಯಲಿಲ್ಲ. ಗಿರಾಕಿಯೊಬ್ಬ ಬಂದು ಮುಚ್ಚಿದ ಷಟರ್ ನೋಡಿ ನಕ್ಕ.

"ಏನ್ರೀ ಇದು, ಕೀ ಮಾಡೋರ ಹತ್ರಾನೇ ಕೀ ಇಲ್ವಾ?"

"ಇದೆ," ಎಂದೆ. "ಯಜಮಾನ್ರ ಹತ್ರ ಇದೆ. ಮಧ್ಯಾಹ್ನ ಬರ್ತಾರೆ."