ಕೊರಿಯಾಕ್ಕೆ ಹೋದ ತೇಗದ ಬಿಲ್ಲೆ

ಧಾರವಾಡದ ಒಂದು ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಾಲಯದಲ್ಲಿ ಕಾಲು ಮುರಿದ ಸ್ಟೂಲೊಂದು ಮೂಲೆಗೆ ಬಿದ್ದಿತ್ತು. ಬಡಿಗೇರ ಮೌನೇಶಪ್ಪ ಆ ಕಾಲಿನಿಂದ ಬಿಸ್ಕತ್ತಿನಷ್ಟು ದಪ್ಪದ ದುಂಡನೆಯ ತುಂಡೊಂದನ್ನು ಕೊಯ್ದು, ಉಪ್ಪುಕಾಗದದಿಂದ ತಿಕ್ಕಿ, ಅಂಚಿನಲ್ಲಿ ತೂತು ಕೊರೆದ. ಹೀಗೆ ನಾನು ಹುಟ್ಟಿದೆ. ಒಣಗಿಸಿದ ಗಿಡಗಳನ್ನಿಟ್ಟ ಕಪಾಟಿನ ಬೀಗದ ಕೈಗೆ ನನ್ನನ್ನು ಕಟ್ಟಿದರು. ಮರ್ಯಾದೆಯ ಕೆಲಸ. ಒಣಗಿದ ಗಿಡಗಳು ಗಲಾಟೆ ಮಾಡುವುದಿಲ್ಲ, ಬೆಳಗ್ಗೆ ಎಬ್ಬಿಸಿದರೆ ಗೊಣಗುವುದಿಲ್ಲ, ಒಂದು ಸಾಕ್ಸ್ ಕಳೆದುಹೋಯಿತೆಂದು ಇಡೀ ಬಸ್ಸನ್ನು ಕಾಯಿಸುವುದಿಲ್ಲ. ಈ ಸುಖದ ಬೆಲೆ ನನಗೆ ಆಮೇಲೆ ಗೊತ್ತಾಯಿತು.

ಕಪಾಟಿಗೆ ಹೊಸ ಬೀಗ ಬಂದಾಗ ನಾನು ಪ್ರಾಧ್ಯಾಪಕಿ ಶಕುಂತಲಾ ಕೌಜಲಗಿಯವರ ಚೀಲಕ್ಕೆ ಸೇರಿದೆ. ಮೇಡಂ ಏನನ್ನೂ ಎಸೆಯುವವರಲ್ಲ. ಪೆನ್ಸಿಲ್ ಚೂಪು ಮಾಡಿದರೂ ಸಿಪ್ಪೆಯನ್ನು ಕಾಗದದಲ್ಲಿ ಕಟ್ಟಿ ಬುಟ್ಟಿಗೆ ಹಾಕುವವರು. ಕಾಲೇಜಿನಲ್ಲಿ ಸಂಜೆಯ ಕೊರಿಯನ್ ತರಗತಿ ಶುರುವಾದಾಗ ಮಕ್ಕಳ ಜೊತೆ ತಾವೂ ಕೂತು ಕಲಿತರು. ಆ ಮಕ್ಕಳನ್ನು ಬೇಸಿಗೆ ಶಿಬಿರಕ್ಕೆ ಕೊರಿಯಾಕ್ಕೆ ಕರೆದೊಯ್ಯುವ ಜವಾಬ್ದಾರಿ ಅವರ ಹೆಗಲಿಗೇ ಬಿತ್ತು. ಅವರ ಚೀಲದೊಂದಿಗೆ ನಾನೂ ಹೊರಟೆ.

ಅಲ್ಲಿ ಬೇಸಿಗೆಯೆಂದರೆ ಜುಲೈ. ಬೆವರು, ಜಡಿಮಳೆ, ಕಿವಿ ಕೊರೆಯುವ ಜೀರುಂಡೆಗಳು. ಶಿಬಿರದ ಮುಖ್ಯ ನಿಯಮ ಒಂದೇ: ವಸತಿಗೃಹದಲ್ಲಿ ಕೊರಿಯನ್ ಬಿಟ್ಟು ಬೇರೆ ಮಾತಾಡಕೂಡದು. ನಮ್ಮವರು ಅದನ್ನು ಮೊದಲ ದಿನವೇ ಮಡಚಿ ಜೇಬಿಗಿಟ್ಟರು. ಮೆಟ್ಟಿಲ ಮೇಲೆ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಯಾರ ಗೊರಕೆ ಜೋರು ಎಂದು ಚರ್ಚೆ. ಎಲ್ಲವೂ ಅಚ್ಚ ಕನ್ನಡದಲ್ಲಿ. ಮೇಡಂ ಹೇಳಿದರು, ಬೇಡಿಕೊಂಡರು, ಗದರಿದರು. ಕೊನೆಗೆ ಚೀಲಕ್ಕೆ ಕೈಹಾಕಿ ನನ್ನನ್ನು ತೆಗೆದು ಕೆಂಪು ದಾರ ಪೋಣಿಸಿದರು.

“ಯಾರ ಬಾಯಾಗ ಬ್ಯಾರೆ ಭಾಷೆ ಬರ್ತೈತಿ, ಅವರ ಕೊರಳಿಗೆ ಇದು. ಇನ್ನೊಬ್ಬರನ್ನ ಹಿಡದ ಮ್ಯಾಲೆ ಅವರಿಗೆ ದಾಟಸ್ರಿ. ರಾತ್ರಿ ಊಟದ ಹೊತ್ತಿಗೆ ಯಾರ ಕೊರಳಾಗ ಇರ್ತದೋ ಅವರಿಗೆ ಅವತ್ತ ಮನಿಗೆ ಫೋನಿಲ್ಲ.”

ಮಕ್ಕಳ ಫೋನುಗಳೆಲ್ಲ ಮೇಡಂ ಹತ್ತಿರವೇ ಇರುತ್ತಿದ್ದವು. ಊಟವಾದ ಮೇಲೆ ಸ್ವಲ್ಪ ಹೊತ್ತು ಕೈಗೆ ಸಿಗುತ್ತಿದ್ದವು. ಮನೆಯವರೊಂದಿಗೆ ಮಾತ್ರ ಯಾವ ಭಾಷೆಯಾದರೂ ಆಡಬಹುದಿತ್ತು.

ಆಮೇಲೆ ನನ್ನ ಪಾಡು ಕೇಳಬೇಡಿ. ಬೆವರಿನ ಕೊರಳುಗಳು, ಪೌಡರಿನ ಕೊರಳುಗಳು. ನನ್ನನ್ನು ದಾಟಿಸುವುದಕ್ಕೆಂದೇ ಒಬ್ಬರ ಕಾಲನ್ನು ಇನ್ನೊಬ್ಬರು ತುಳಿಯುತ್ತಿದ್ದರು, ಅವರು “ಅಯ್ಯೋ” ಎಂದ ಕೂಡಲೇ ಹಿಡಿಯುತ್ತಿದ್ದರು. ಕೊರಿಯನ್ ಕಲಿಯಲು ಬಂದವರು ಕಳ್ಳ ಪೊಲೀಸ್ ಆಟ ಕಲಿತರು. ಇದೆಲ್ಲ ನೋಡಿಯೂ ಮೇಡಂ ಸಂಜೆ ಬೆನ್ನು ನೇರ ಮಾಡಿಕೊಂಡು, “ಗದ್ದಲ ಕಮ್ಮಿ ಆಗೇದ, ಪರಿಣಾಮ ಚೊಲೋ ಅದ” ಅನ್ನುತ್ತಿದ್ದರು. ಮೌನವನ್ನು ಕೊರಿಯನ್ ಎಂದು ಲೆಕ್ಕ ಹಿಡಿದ ಈ ವಿಜ್ಞಾನಿಗೆ ಏನು ಹೇಳಲಿ? ನನಗೆ ಬಾಯಿಲ್ಲ.

ಹನಮಂತ ತಳವಾರ ಎಂಬ ಹುಡುಗನ ಕೊರಳು ಮಾತ್ರ ನನಗೆ ಮನೆಯಂತಾಗಿತ್ತು. ಅವನು ನನ್ನನ್ನು ದಾಟಿಸುವ ಗೋಜಿಗೇ ಹೋಗುತ್ತಿರಲಿಲ್ಲ.

“ಬಿಲ್ಲೆ ಬಿದ್ದ ಮ್ಯಾಲೆ ಇನ್ನೇನ್ ಹಿಡೀತಾರ? ನಾ ಈಗ ಆರಾಮ ಕನ್ನಡ ಮಾತಾಡ್ತೀನಿ.”

“ಮನಿಗೆ ಫೋನ್ ಬ್ಯಾಡೇನಲೇ?” ಎಂದು ಗೆಳೆಯ ಕೇಳಿದರೆ, “ನಮ್ಮಪ್ಪ ಫೋನ್ ಹಚ್ಚೂದ ಬೈಯಾಕ. ಒಂದ್ ದಿನ ತಪ್ಪಿದ್ರ ಅವಂಗೂ ರೆಸ್ಟ್” ಅನ್ನುತ್ತಿದ್ದ.

ನನ್ನನ್ನು ಒಮ್ಮೆಯೂ ಧರಿಸದವಳು ಅಸ್ಮಾ ನದಾಫ. ನವಲಗುಂದದ ಹುಡುಗಿ. ಹೊರದೇಶ ಬೇಡವೆಂದ ತಂದೆಯ ಜೊತೆ ಅವಳ ಅಮ್ಮಿ ಜಗಳವಾಡಿ ಕಳಿಸಿದ್ದಳಂತೆ. ಅಸ್ಮಾಳಿಗೆ ಸಂಜೆಯ ಫೋನೇ ಉಸಿರು. ಅದು ತಪ್ಪಬಾರದೆಂದು ಬಾಯಿಗೇ ಬೀಗ ಹಾಕಿಕೊಂಡಿದ್ದಳು. ಅವಳ ಬಾಯಿಂದ ಬರುತ್ತಿದ್ದುದು ಒಂದೇ ಕೊರಿಯನ್ ಮಾತು: “ಕೆಂಚನಾಯೊ.” ಪರವಾಗಿಲ್ಲ ಎಂದರ್ಥ. ಬಸ್ಸಿನಲ್ಲಿ ಜಾಗ ಸಿಗದಿದ್ದರೆ ಕೆಂಚನಾಯೊ, ಛತ್ರಿ ಮುರಿದರೆ ಕೆಂಚನಾಯೊ. ಮೇಡಂ ಎಲ್ಲರೆದುರು ಅವಳ ಬೆನ್ನು ತಟ್ಟಿದರು: “ನೋಡ್ರಿ, ಅಸ್ಮಾಗ ಒಂದ್ ಸಲನೂ ಬಿಲ್ಲೆ ಬಂದಿಲ್ಲ!”

ಊಟದ ಮನೆಯಲ್ಲಿ ಮೇಡಂ ಊರಿನ ಪದ್ಧತಿಯಂತೆ ಎರಡೇ ಟೇಬಲ್ ಮಾಡಿಸಿದ್ದರು. ಸಸ್ಯಾಹಾರಿಗಳದೊಂದು, ಮಾಂಸಾಹಾರಿಗಳದೊಂದು. ಸಸ್ಯಗಳನ್ನು ನೂರೆಂಟು ಕುಟುಂಬಗಳಾಗಿ ವಿಂಗಡಿಸಬಲ್ಲ ಮೇಡಂಗೆ ಮನುಷ್ಯರಿಗೆ ಎರಡು ಸಾಲು ಸಾಕೆನಿಸಿತ್ತು. ಮನೆಯಲ್ಲಿ ಕೋಳಿ, ಕುರಿ ತಿನ್ನುವ ಅಸ್ಮಾ ಎರಡನೆಯ ಟೇಬಲ್ಲಿಗೆ ಕೂತಳು. ಬಟ್ಟಲಿನ ಸಾರಿನಲ್ಲಿ ಹಂದಿ ಮಾಂಸವಿದೆಯೋ ಇಲ್ಲವೋ ಎಂದು ಕೊರಿಯನ್ನಿನಲ್ಲಿ ಕೇಳಲು ಬಾರದು, ಕನ್ನಡದಲ್ಲಿ ಕೇಳಿದರೆ ಫೋನು ಹೋಗುತ್ತದೆ. ಟೇಬಲ್ ಬದಲಿಸಬೇಕೆಂದರೂ ಯಾಕೆಂದು ಹೇಳಬೇಕು. ಹಾಗಾಗಿ ಬರಿ ಅನ್ನ, ಸೌತೆಕಾಯಿ. ಅಡುಗೆಯ ಪಾಕ್ ಇಮೋ ಸೌಟು ಹಿಡಿದು ಬಂದರೆ, ಬಟ್ಟಲಿನ ಮೇಲೆ ಕೈ ಮುಚ್ಚಿ “ಕೆಂಚನಾಯೊ.” ಇಮೋ ಎಂದರೆ ಅಲ್ಲಿ ಚಿಕ್ಕಮ್ಮ. ಸಂಜೆ ಅಮ್ಮಿ ಕೇಳಿದರೆ, ಹೊಟ್ಟೆ ತುಂಬ ಉಂಡೆನೆಂದು ನಗುತ್ತಿದ್ದಳು. ಹಸಿದಿದ್ದೇನೆಂದು ಗೊತ್ತಾದರೆ ತಂದೆ ನಾಳೆಯೇ ವಾಪಸ್ ಬಾ ಅನ್ನುತ್ತಾರೆ. ಮುಂದೆ ಯಾವ ಊರಿಗೂ ಕಳಿಸುವುದಿಲ್ಲ ಎಂಬ ಭಯ ಅವಳಿಗೆ.

ಎದುರು ಕೂತ ಹನಮಂತನ ಎದೆಯ ಮೇಲಿಂದ ನಾನು ಇದೆಲ್ಲ ನೋಡುತ್ತಿದ್ದೆ. ಅಷ್ಟು ಜನರಲ್ಲಿ ಒಬ್ಬರಿಗಾದರೂ ಕಣ್ಣಿಲ್ಲವೇ ಎಂದು ಒಳಗೇ ಸಿಡುಕುತ್ತಿದ್ದೆ.

ಒಂದು ಮಧ್ಯಾಹ್ನ ಊಟದ ಸಾಲಿನಲ್ಲಿ ಅಸ್ಮಾಳ ತಟ್ಟೆ ಕೈಜಾರಿತು. ಹಿಂದೆಯೇ ಅವಳೂ ಕುಸಿದಳು. ಮೇಡಂ ಓಡಿಬಂದು ಮುಖಕ್ಕೆ ನೀರು ಚಿಮುಕಿಸಿದರು. ಅವಳು ಕಣ್ಣು ತೆರೆದಾಗ ಎಲ್ಲಿ ನೋವೆಂದು ಕೊರಿಯನ್ನಿನಲ್ಲೇ ಕೇಳಿದರು. ಅಷ್ಟು ಶಿಸ್ತು!

“ಕೆಂಚನಾಯೊ,” ಎಂದಳು ಅಸ್ಮಾ. ತುಟಿ ಬಿಳುಚಿದ್ದವು.

“ಬಿಸಿಲಿಗೆ ತಲಿ ತಿರಗಿರಬೇಕು,” ಎಂದು ಯಾರೋ ಅಂದರು. ಆ ಗಾಬರಿಯಲ್ಲೂ ಪಕ್ಕದ ಹುಡುಗಿ, “ಹಿಡದೆ! ಕನ್ನಡ!” ಎಂದು ಕೂಗಿದಳು. ನನಗೆ ಹಣೆಯಿದ್ದಿದ್ದರೆ ಚಚ್ಚಿಕೊಳ್ಳುತ್ತಿದ್ದೆ.

ಆಗ ಹನಮಂತ ಜನರನ್ನು ಸರಿಸಿ ಮುಂದೆ ಬಂದ. “ಮೇಡಂ, ನಾ ಎದುರಿಗೇ ಕುಂದರ್ತೀನ್ರಿ. ಆಕಿ ಬರೇ ಅನ್ನ ತಿಂತಾಳ್ರಿ. ಡಯೆಟ್ ಅಂತ ಸುಮ್ಮಿದ್ದೆ.” ಅಷ್ಟು ಹೇಳಿ ನನ್ನನ್ನು ಕೊರಳಿಂದ ತೆಗೆದು ಅಸ್ಮಾಳ ಕೊರಳಿಗೆ ಹಾಕಿದ.

“ಏ ಹನಮ್ಯಾ! ಇಂಥಾ ಹೊತ್ತಿನ್ಯಾಗ ಆಟೇನೋ?” ಮೇಡಂ ಕೊರಿಯನ್ ಮರೆತು ಗುಡುಗಿದರು.

“ಆಟಲ್ರಿ. ಬಿಲ್ಲೆ ಇದ್ದವ್ರು ಏನರ ಮಾತಾಡಬೋದಲ್ರಿ.” ಅವನು ಅಸ್ಮಾಳತ್ತ ಬಗ್ಗಿದ. “ಈಗ ಹೇಳವಾ ತಂಗಿ. ಇನ್ನ ಯಾರೂ ಹಿಡಿಯಂಗಿಲ್ಲ.”

ಅಸ್ಮಾ ನನ್ನನ್ನು ಮುಷ್ಟಿಯಲ್ಲಿ ಹಿಡಿದಳು. ಬೆರಳು ತಣ್ಣಗಿದ್ದವು. ಮೊದಲು ಅಳು ಬಂತು, ಆಮೇಲೆ ಮಾತು. “ಹಸಿವಿ ಆಗೇದ್ರಿ ಮೇಡಂ. ಸಾರಿನ್ಯಾಗ ಹಂದಿ ಇರ್ತದೇನೋ ಅಂತ... ಕೇಳಾಕ ಬರವಲ್ದು. ಇವತ್ತ ಫೋನ್ ಕೊಡದಿದ್ರೂ ನಡೀತದ, ಮನಿಗೆ ಮಾತ್ರ ತಿಳಿಸಬ್ಯಾಡ್ರಿ.”

ಮೇಡಂ ಅವಳ ಮುಖದ ನೀರು ಒರೆಸಿದರು. ಆಮೇಲೆ, “ನಾ ಕೇಳಬೇಕಿತ್ತವ್ವಾ,” ಎಂದರು, ಅವರೂ ಕನ್ನಡದಲ್ಲೇ. ಯಾರೂ ಹಿಡಿಯಲಿಲ್ಲ.

ಎದ್ದು ಪಾಕ್ ಇಮೋ ಬಳಿ ಹೋದರೆ ಹಂದಿಯ ಕೊರಿಯನ್ ಹೆಸರು ಮೇಡಂಗೇ ನೆನಪಾಗಲಿಲ್ಲ. ಕೈಯಲ್ಲಿ ಏನೇನೋ ಆಕಾರ ಮಾಡಿದರು. ಇಮೋ ಆನೆ ಎಂದುಕೊಂಡಳೋ ಏನೋ, ಪಿಳಿಪಿಳಿ ನೋಡಿದಳು. ಹನಮಂತ ಮೂಗು ಮೇಲೆತ್ತಿ ಗುರ್‌ಗುರ್ ಎಂದ. ಇಮೋ ಸೊಂಟ ಹಿಡಿದುಕೊಂಡು ನಕ್ಕಳು. ನಂತರ ನಗು ನಿಲ್ಲಿಸಿ, ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ತಲೆಯಾಡಿಸಿ ತೋರಿಸಿದಳು: ಇದರಲ್ಲಿ ಇದೆ, ಇದರಲ್ಲೂ ಇದೆ, ಇದರಲ್ಲಿ ಬರೀ ಮೀನು.

ಮೀನಿನ ಸಾರನ್ನು ಅಸ್ಮಾ ಎರಡು ಕೈಯಲ್ಲಿ ಬಟ್ಟಲೆತ್ತಿ ಕುಡಿದಳು. ಬಗ್ಗಿದಾಗ ನಾನು ಅದರೊಳಗೆ ಮುಳುಗಿದೆ. ಇಮೋ ನನ್ನನ್ನು ಅವಳ ಕೊರಳಿಂದ ಬಿಡಿಸಿ, ಸೆರಗಿಲ್ಲದ ಊರಿನಲ್ಲಿ ಏಪ್ರನ್ನಿಗೆ ಒರೆಸಿ, ಆ ಪಾತ್ರೆಯ ಹಿಡಿಗೆ ಕಟ್ಟಿದಳು. ಬಿಲ್ಲೆ ಇದ್ದ ಪಾತ್ರೆಯಲ್ಲಿ ಹಂದಿಯಿಲ್ಲ. ಅಲ್ಲಿಗೆ ಕೊರಳಿನ ನಿಯಮ ಮುಗಿಯಿತು. ಅವತ್ತು ಸಂಜೆ ಎಲ್ಲರಿಗೂ ಫೋನು ಸಿಕ್ಕಿತು. ಗದ್ದಲ ಮತ್ತೆ ಶುರುವಾಯಿತು. ಅರ್ಧ ಕನ್ನಡ, ಅರ್ಧ ಹರಕು ಕೊರಿಯನ್. ಕೇಳಲಾಗುತ್ತಿರಲಿಲ್ಲ.

ಅವರೆಲ್ಲ ಊರಿಗೆ ಮರಳಿದರು. ಇಮೋ ನನ್ನನ್ನು ಬಿಟ್ಟುಕೊಡಲಿಲ್ಲ. ಆಮೇಲೆ ಎಷ್ಟೋ ಬೇಸಿಗೆಗಳು ಕಳೆದವು. ಹಬೆಗೆ ನನ್ನ ಮೈ ಕಪ್ಪಾಗಿದೆ, ಒಂದಂಚು ಸುಟ್ಟಿದೆ, ಮೀನಿನ ವಾಸನೆ ಇನ್ನು ಹೋಗುವುದಿಲ್ಲ. ಯಾವ ಯಾವುದೋ ದೇಶದ ಮಕ್ಕಳು ಬರುತ್ತಾರೆ, ಎಲ್ಲರೂ ಒಂದೇ ತರಹದ ಕೋತಿಗಳು. ಸಾರು ಚೆಲ್ಲುತ್ತಾರೆ, ಮುಚ್ಚಳ ಬೀಳಿಸುತ್ತಾರೆ, ಎಣ್ಣೆಗೈಯಲ್ಲಿ ನನ್ನನ್ನು ತಿರುಗಿಸಿ ಇದೇನೆಂದು ಇಮೋಳನ್ನು ಕೇಳುತ್ತಾರೆ, ತಪ್ಪು ತಪ್ಪು ಕೊರಿಯನ್ನಿನಲ್ಲಿ.

ನನ್ನನ್ನು ಪಾತ್ರೆಗೆ ಕಟ್ಟಿದ ಆ ಮಧ್ಯಾಹ್ನ ಬಟ್ಟಲು ಖಾಲಿಯಾದ ಮೇಲೆ ಅಸ್ಮಾ ಎದ್ದು ಬಂದು ನನ್ನ ಪಕ್ಕ ನಿಂತಿದ್ದಳು. ಮುಖ ಕೆಂಪಾಗಿತ್ತು. ಬಟ್ಟಲು ಮುಂದೆ ಚಾಚಿ, ತಡವರಿಸಿ, “ತೊ ಜುಸೆಯೊ” ಎಂದಳು. ಇನ್ನೂ ಸ್ವಲ್ಪ ಕೊಡಿ ಎಂದರ್ಥ. ಇಮೋ ಸೌಟು ತುಂಬಿ ಹಾಕಿದಳು, ಅರ್ಧ ನನ್ನ ಮೇಲೇ ಚೆಲ್ಲಿತು.