ಡೇಲಿಯಾ ಕಪ್ಪಿನ ಭಾಷಣ

ಪ್ಲಾಂಟರ್ಸ್ ಕ್ಲಬ್ಬಿನ ಹೂವಿನ ಪ್ರದರ್ಶನದಲ್ಲಿ ಡೇಲಿಯಾದ ಬಹುಮಾನದ ಕಪ್ಪು ಪ್ರತಿವರ್ಷ ರಾಜಲಕ್ಷ್ಮಮ್ಮನಿಗೇ. ಕಪ್ಪು ಹಿಡಿಯುವುದು ಅವರ ಕೈ, ಮಾತಾಡುವುದು ಗಂಡ ಅಣ್ಣಯ್ಯಗೌಡರ ಬಾಯಿ. ಗುದ್ದಲಿ ಮುಟ್ಟಿಯೂ ಗೊತ್ತಿಲ್ಲದ ಗೌಡರು ಮೈಕಿನ ಮುಂದೆ ಗೊಬ್ಬರದ ಗುಟ್ಟನ್ನೆಲ್ಲ ಇಂಗ್ಲಿಷಿನಲ್ಲಿ ಬಿಚ್ಚಿಟ್ಟು, "ಮೈ ಡೇಲಿಯಾಸ್" ಎಂದು ಎದೆಯುಬ್ಬಿಸುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ರಾಜಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಈ ಸಲ ತಾನೇ ಮಾತಾಡಬೇಕು, ಅದೂ ಇಂಗ್ಲಿಷಿನಲ್ಲೇ, ಎಂದು ಹಟ ಹಿಡಿದರು. ತಪ್ಪಿದರೆ ಕ್ಲಬ್ಬಿನ ಹೆಂಗಸರು ವರ್ಷವಿಡೀ ಆಡಿಕೊಳ್ಳುತ್ತಾರೆ ಎಂಬ ಹೆದರಿಕೆಯೂ ಇತ್ತು.

ಸಕಲೇಶಪುರದಲ್ಲಿ ಬಿ.ಎ. ಓದುತ್ತಿದ್ದ ತೋಟದ ಲೆಕ್ಕ ಬರೆಯುವ ರೈಟರ್ ಮಗಳು ಶೃತಿ ಗುಟ್ಟಾಗಿ ಪಾಠಕ್ಕೆ ಬಂದಳು. ಡೇಲಿಯಾಕ್ಕೆ ನೀರು ಹಾಕುತ್ತಲೇ ಪಾಠ.

"ನಮ್ 'ಆಯ್ತು'ಗೆ ಇಂಗ್ಲಿಷಲ್ಲಿ ಒಂದೊಂದು ಕಡೆ ಒಂದೊಂದು ಮಾತು, ಅಮ್ಮಾರೇ. ಬಣ್ಣ ಬದಲಾದ್ರೆ ಟರ್ನ್. ಸುಸ್ತಾದ್ರೆ ಗೆಟ್. ಕೂಲಿ ಆಳು ಮೇಸ್ತ್ರಿ ಆದ್ರೆ ಬಿಕಮ್. ಇದ್ದಂಗೇ ಇದ್ರೆ ಸ್ಟೇ."

"ಅಯ್ಯೋ ಮಾರಾಯ್ತಿ, ನಮ್ಮಲ್ಲಿ 'ಆಯ್ತು' ಅಂದ್ರೆ ಮುಗೀತು! ಹೋಗ್ಲಿ, ಹಾಲು ಕೆಟ್ರೆ?"

"ಗೋ."

"ತಲೆ ಕೆಟ್ರೆ?"

"ಅದಕ್ಕೂ ಗೋ."

"ತಲೆ ಬೋಳಾದ್ರೆ?"

"ಅದೂ ಗೋನೇ, ಅಮ್ಮಾರೇ."

"ಹಂಗಾದ್ರೆ ನಮ್ಮನೆಯೋರಿಗೆ ಬರೀ ಗೋ ಸಾಕು ಕಣೇ."

ಶೃತಿ ನಕ್ಕು ನಕ್ಕು ನೀರಿನ ಕೊಡವನ್ನೇ ಉರುಳಿಸಿದಳು.

ಮಾತೇನೋ ಬಾಯಿಗೆ ಬಂತು. ಆದರೆ ಗೌಡರು ಮೈಕು ಬಿಟ್ಟುಕೊಡಬೇಕಲ್ಲ! ಕೇಳಿದರೆ, "ನಿಂಗ್ಯಾಕೇ ಆ ತಾಪತ್ರಯ, ನಾನಿಲ್ವಾ?" ಎನ್ನುತ್ತಾರೆ. ಹಾಗಾಗಿ ರಾಜಲಕ್ಷ್ಮಮ್ಮ ಕೇಳಲೇ ಇಲ್ಲ.

ಊಟವಾದ ಮೇಲೆ ಗಂಡನಿಗೆ ಎಲೆ ಮಡಿಸಿಕೊಡುವುದು ಅವರ ನಿತ್ಯದ ಕೆಲಸ. ಪ್ರದರ್ಶನದ ದಿನ ಕ್ಲಬ್ಬಿನ ಊಟ ಮುಗಿದದ್ದೇ ಎಳೆಯ ಎಲೆಗಳನ್ನು ಒಂದರ ಮೇಲೊಂದಿಟ್ಟು, ಅಡಿಕೆ ತುಂಬಿ, ಹೊಗೆಸೊಪ್ಪನ್ನೂ ಧಾರಾಳವಾಗಿ ಸೇರಿಸಿ, ಮುಷ್ಟಿಗಾತ್ರ ಮಡಿಸಿ ಕೊಟ್ಟರು.

"ಬಹುಮಾನ ಕೊಡೋದು ಟೀ ಆದ್ಮೇಲಂತೆ ಕಣ್ರೀ. ನಿಧಾನಕ್ಕೆ ಹಾಕ್ಕಳಿ."

ಗೌಡರು ಎಲೆಯನ್ನು ದವಡೆಗೆ ತಳ್ಳಿ ಇನ್ನೇನು ರಸ ಊರಿತು ಎನ್ನುವಷ್ಟರಲ್ಲಿ ವೇದಿಕೆಯಿಂದ ಡೇಲಿಯಾದ ಹೆಸರು ಕೇಳಿಬಂತು. ಅಭ್ಯಾಸಬಲದಿಂದ ಹೆಂಡತಿಯ ಹಿಂದೆಯೇ ವೇದಿಕೆ ಹತ್ತಿದರು. ಉಗಿಯೋಣವೆಂದರೆ ಕಾಲಕೆಳಗೆ ಕೆಂಪು ಜಮಖಾನ, ಎದುರಿಗೆ ಊರಿನ ದೊಡ್ಡವರೆಲ್ಲ. ನುಂಗೋಣವೆಂದರೆ ಹೊಗೆಸೊಪ್ಪು. ಮೈಕು ಕೊಟ್ಟವರಿಗೆ ಕೈಯಲ್ಲೇ ಹೆಂಡತಿಯ ಕಡೆ ತೋರಿಸಿದರು.

ರಾಜಲಕ್ಷ್ಮಮ್ಮ ಮೈಕು ಹಿಡಿದರು. ಶೃತಿ ಬಾಯಿಪಾಠ ಮಾಡಿಸಿದ್ದ ವಂದನೆಯ ಮಾತೆಲ್ಲ ಮರೆತೇಹೋಯಿತು. ತಮಗೆ ತೋಚಿದ್ದನ್ನೇ ಅಂದರು:

"ಮೈ ಹೇರ್ ಟರ್ನ್ಡ್ ವೈಟ್ ಇನ್ ದಿಸ್ ಗಾರ್ಡನ್. ಮೈ ಬ್ಯಾಕ್ ಗಾಟ್ ಟೈರ್ಡ್. ಮೈ ಹಸ್ಬೆಂಡ್ಸ್ ಹ್ಯಾಂಡ್ಸ್... ಸ್ಟೇಡ್ ಕ್ಲೀನ್."

ಹೆಂಗಸರ ಸಾಲಿನಿಂದ ಎದ್ದ ಚಪ್ಪಾಳೆ ನಿಲ್ಲಲೇ ಇಲ್ಲ. ಗೌಡರ ಹಳೆಯ ಗೆಳೆಯ ರಂಗಸ್ವಾಮಿ ಹಿಂದಿನ ಸಾಲಿನಿಂದ ಕೂಗಿದರು: "ಏನೋ ಅಣ್ಣಯ್ಯ, ಇಷ್ಟ್ ವರ್ಷ ಬರೀ ಭಾಷಣ ಬುಟ್ಯಾ? ಒಂದಿನಾನೂ ಕೈಗೆ ಮಣ್ಣು ಮೆತ್ತಿಲ್ವೇನೋ?"

ಎಲ್ಲರೂ ಗೌಡರ ಕಡೆ ತಿರುಗಿದರು. ಕೆನ್ನೆಯುಬ್ಬಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದ ಗೌಡರು ಇಲ್ಲ, ಮೆತ್ತಿಲ್ಲ ಎಂದು ತಲೆಯಾಡಿಸಿದರು.